ರಾತ್ರಿ ಪಾಳಿ ನೀರು, ಧಾರವಾಡ ಸ್ಟೇಷನ್ನು

ನಮ್ಮೂರು ಮಂಡ್ಯದ ಹತ್ರ, ಕಬ್ಬಿನ ಗದ್ದೆ. ಆಗ ಪಂಪ್ ಓಡಿಸೋಕೆ ಬೇಕಾದ ತ್ರೀ ಫೇಸ್ ಕರೆಂಟ್ ಕೊಡ್ತಿದ್ದಿದ್ದೇ ರಾತ್ರಿ ಹೊತ್ತು, ಹಂಗಾಗಿ ಪಂಪ್‌ಸೆಟ್ ಮನೆ ಮುಂದೆ ಹಳೇ ರೇಡಿಯೋ ಇಟ್ಕೊಂಡು ಕೂರೋದು ನಂಗೆ ಅಭ್ಯಾಸ ಆಗೋಗಿತ್ತು. ಮಧ್ಯಾಹ್ನ ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್‌ಗೆ ಮುಳ್ಳು ತಂದ್ರೆ ಬರೀ ಸೊರ್ ಅನ್ನೋ ಸದ್ದು, ರಾತ್ರಿ ಅದೇ ಜಾಗದಲ್ಲಿ ಧಾರವಾಡ ಆಕಾಶವಾಣಿ ಪಕ್ಕದ್ಮನೇಲಿ ಮಾತಾಡ್ದಂಗೆ ಕೇಳೋದು. ಮಧ್ಯೆ ನೇರಕ್ಕೆ ಹಿಡಿದ್ರೂ ಸುಮಾರು 380 ಕಿಲೋಮೀಟರ್ ಇದೆ.

ಒಂದು ಡಿಸೆಂಬರ್ ತಿಂಗ್ಳು ಹಠ ಹಿಡಿದು ಟೈಮ್ ಬರ್ಕೊಂಡೆ. ಸೂರ್ಯ ಮುಳುಗೋದು ಹೆಚ್ಚುಕಮ್ಮಿ 6 ಗಂಟೆಗೆ, 6:20ರ ಹೊತ್ತಿಗೆ ದನಿ ಏಳೋಕೆ ಶುರು, 7ಕ್ಕೆ ಸ್ಪಷ್ಟ. ಬೆಳಿಗ್ಗೆ ಬಿಸಿಲು ಏರ್ತಿದ್ದಂಗೆ ಮಾಯ.

ಆಮೇಲೆ ಓದಿ ತಿಳ್ಕೊಂಡಿದ್ದು: ಬಿಸಿಲು ಮೇಲಿನ ಗಾಳಿಯ ಅಣುಗಳಿಂದ ಎಲೆಕ್ಟ್ರಾನ್ ಕಿತ್ತು ಹಾಕುತ್ತೆ. 60ರಿಂದ 90 ಕಿಲೋಮೀಟರ್ ಎತ್ತರದ ಡಿ ಪದರದಲ್ಲಿ ಗಾಳಿ ಇನ್ನೂ ಸ್ವಲ್ಪ ದಟ್ಟ, ರೇಡಿಯೋ ಅಲೆ ಬಂದು ಎಲೆಕ್ಟ್ರಾನ್‌ನ ಅಲ್ಲಾಡಿಸಿದ್ರೆ ಅದು ಹೋಗಿ ಅಣುಗಳಿಗೆ ಡಿಕ್ಕಿ ಹೊಡ್ದು ಅಲೆಯಿಂದ ಸಿಕ್ಕ ಶಕ್ತಿನೆಲ್ಲ ಬಿಸಿ ಮಾಡಿ ಕಳ್ಕೊಂಡ್ಬಿಡುತ್ತೆ. ಕತ್ತಲಾದ್ರೆ ಎಲೆಕ್ಟ್ರಾನ್‌ಗಳು ಬೇಗ ವಾಪಸ್ ಅಂಟ್ಕೊಂಡು ಆ ಪದರನೇ ಇರಲ್ಲ. ಅದರ ಮೇಲೆ 100 ಕಿಲೋಮೀಟರ್ ಆಸುಪಾಸಲ್ಲಿ ಗಾಳಿ ತೆಳು, ಡಿಕ್ಕಿ ಕಮ್ಮಿ, ಅಲ್ಲಿನ ಎಲೆಕ್ಟ್ರಾನ್ ತಾನು ಅಲ್ಲಾಡಿ ಅಲೇನ ವಾಪಸ್ ಕಳಿಸುತ್ತೆ, ಅದು ಬಾಗಿ ನಮ್ ಗದ್ದೆಗೆ ಇಳಿಯುತ್ತೆ. ಎಫ್‌ಎಂ ಅಲೆ ಎಷ್ಟು ಬೇಗ ಅಲ್ಲಾಡುತ್ತೆ ಅಂದ್ರೆ ಎಲೆಕ್ಟ್ರಾನ್‌ಗೆ ಅದರ ಜೊತೆ ಕುಣಿಯೋಕಾಗಲ್ಲ, ತೂರ್ಕೊಂಡು ಆಕಾಶಕ್ಕೆ ಹೋಗುತ್ತೆ.

ನನಗೆ ಕಾಟ ಕೊಟ್ಟಿದ್ದು ಬೆಂಗಳೂರು ಸ್ಟೇಷನ್ನು. ಹತ್ರದ್ದು, ಜೋರು, ನನ್ ಅಗ್ಗದ ರೇಡಿಯೋದಲ್ಲಿ ಅಕ್ಕಪಕ್ಕಕ್ಕೆಲ್ಲ ಹರಡ್ಕೊಳ್ತಿತ್ತು. ಒಳಗೆ ಆಂಟೆನಾ ಆಗಿರೋ ಕಪ್ಪು ಫೆರೈಟ್ ಕಡ್ಡಿ ತುದಿ ಬೆಂಗಳೂರಿನ ಕಡೆ ಮಾಡಿದ್ರೆ ಅದು ಕುಗ್ಗುತ್ತೆ, ಕಡ್ಡಿಗೆ ಅಡ್ಡಲಾಗಿ ಬರೋದು ಜೋರಾಗಿ ಕೇಳುತ್ತೆ, ಪುಣ್ಯಕ್ಕೆ ಮಂಡ್ಯದಿಂದ ಧಾರವಾಡ ಹೆಚ್ಚುಕಮ್ಮಿ ಅದಕ್ಕೆ ಅಡ್ಡಡ್ಡ ಇದೆ, ಒಂದೇ ಏಟಿಗೆ ಎರಡೂ ಕೆಲಸ. ದೊಡ್ಡಪ್ಪ ನೋಡಿ "ಏನ್ಲಾ, ನೀರ್ ತಿರುಗ್ಸೋದು ಬಿಟ್ಟು ರೇಡಿಯೋ ತಿರುಗಿಸ್ತಾ ಕುಂತಿದ್ದೀಯ" ಅಂತ ಬೈದ್ರು.

ಒಂದಿನ ರಾತ್ರಿ ಕರೆಂಟ್ ಹೋಯ್ತು. ಸ್ಟಾರ್ಟರ್ ಗುಂಯ್ ನಿಂತು, ಬಲ್ಬ್ ಆರಿ, ರೇಡಿಯೋ ಕರಕರನೂ ನಿಂತೋಯ್ತು, ಸೆಲ್ ಮೇಲೆ ರೇಡಿಯೋ ಒಂದೇ ಓಡ್ತಿದೆ. ಮುಳ್ಳು ಚೂರು ಕೆಳಗೆ ತಂದೆ, 738ರಲ್ಲಿ ತೆಲುಗು, ಹೈದರಾಬಾದ್! ಬರೋದು, ಬಾವಿಯೊಳಗೆ ಇಳಿದಂಗೆ ಕ್ಷೀಣ ಆಗೋದು, ಮತ್ತೆ ಬರೋದು. ದೊಡ್ಡಪ್ಪಾನೂ ಬಂದು ಬೀಡಿ ಹಚ್ಕೊಂಡು ಕೂತ್ರು, ಕರೆಂಟ್ ಬರೋವರ್ಗೂ ಏಳ್ಲಿಲ್ಲ.