ಅಡಿಕೆ ಮನೆಯಲ್ಲಿ ಕಾರ್ನಿಯಾ ಕಸಿ: ಟೈಲರ್ ಒಬ್ಬಳ ಸಲಹೆಗಳು

ಕಾರ್ನಿಯಾ ಕಸಿ, ಅಂದರೆ ದಾನಿಯ ಕಣ್ಣಿನ ಕಾರ್ನಿಯಾ ಹಾಕುವ ಆಪರೇಷನ್, ಆದಮೇಲೆ ಆಸ್ಪತ್ರೆಯಿಂದ ಕೊಡುವ ಚೀಟಿಯಲ್ಲಿ ‘ಹೊಗೆ, ಧೂಳಿನಿಂದ ದೂರವಿರಿ’ ಅಂತ ಒಂದು ಸಾಲು ಇರುತ್ತದೆ. ತೀರ್ಥಹಳ್ಳಿ ಕಡೆಯ ಅಡಿಕೆ ಮನೆಯಲ್ಲಿ ಕೂತು ಅದನ್ನು ಓದಿದರೆ ನಗು ಬರುತ್ತದೆ. ಬಚ್ಚಲ ಒಲೆ ದಿನಾ ಉರಿಯಬೇಕು. ಕೊಯ್ಲು ಶುರುವಾದರೆ ಅಡಿಕೆ ಬೇಯಿಸುವ ಹಂಡೆಯ ಹೊಗೆ ಬೇರೆ. ದೂರ ಅಂದರೆ ಎಲ್ಲಿಗೆ ಹೋಗೋದು? ಆ ಚೀಟಿಯನ್ನು ನಮ್ಮಂಥ ಮನೆಗೆ ಹೇಗೆ ಹೊಂದಿಸಿಕೊಳ್ಳಬಹುದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ, ಟೈಲರ್. ಔಷಧಿ ಯಾವುದು, ಎಷ್ಟು ದಿನ ಅನ್ನುವುದಕ್ಕೆ ನಿಮ್ಮ ಡಾಕ್ಟರ ಮಾತೇ ಕೊನೆ.

ನನ್ನ ಕಾಯಿಲೆ ಕೆರಟೋಕೋನಸ್. ಕಣ್ಣಿನ ಮುಂದಿನ ಪಾರದರ್ಶಕ ಪದರವೇ ಕಾರ್ನಿಯಾ. ಅದು ತೆಳುವಾಗುತ್ತಾ ಮುಂದಕ್ಕೆ ಉಬ್ಬಿ ಚೂಪಾಗುತ್ತದೆ. ಹರೆಯದಲ್ಲಿ ಶುರುವಾಗುವುದು ಜಾಸ್ತಿ. ಕನ್ನಡಕದ ನಂಬರ್ ಪದೇ ಪದೇ ಬದಲಾಗುತ್ತದೆ. ಒಂದು ಸೂಜಿ ಎರಡಾಗಿ ಕಾಣುತ್ತದೆ. ಬೇಗ ಗೊತ್ತಾದರೆ ರೈಬೋಫ್ಲೇವಿನ್ ಹನಿ ಹಾಕಿ, ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ಕಾರ್ನಿಯಾ ಗಟ್ಟಿ ಮಾಡುತ್ತಾರೆ. ಹೋದ ನೋಟ ಅದರಿಂದ ಪೂರ್ತಿ ವಾಪಸ್ ಬರುವುದಿಲ್ಲ, ಆದರೆ ಕಾಯಿಲೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ನನ್ನ ಎಡಗಣ್ಣು ಹಾಗೆ ಉಳಿಯಿತು. ಬಲಗಣ್ಣಿನಲ್ಲಿ ಆಗಲೇ ಕಲೆ ಬಿದ್ದಿತ್ತು, ಕಸಿಯೇ ಬೇಕಾಯಿತು.

ಆಪರೇಷನ್ ಆದವರು ಮೊದಲು ಕೇಳಬೇಕಾದ ಪ್ರಶ್ನೆ: ನನಗೆ ಹಾಕಿದ್ದು ಪೂರ್ತಿ ಕಾರ್ನಿಯಾನಾ, ಒಂದು ಪದರ ಮಾತ್ರಾನಾ? 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು, ನೆನಪಿದೆ ಅಲ್ವಾ? ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಕಾರ್ನಿಯಾವನ್ನು ಮುಂದಿನ ಪದರ, ಹಿಂದಿನ ಪದರ ಅಂತ ಬಿಡಿಸಿ ಇಬ್ಬಿಬ್ಬರಿಗೆ ಹಾಕಿದ್ದರು. ಹಿಂದಿನ ಪದರ ಮಾತ್ರ ಹಾಕಿಸಿಕೊಂಡವರು ಮಾಡು ನೋಡಿಕೊಂಡು ಅಂಗಾತ ಮಲಗಬೇಕು. ಕಣ್ಣೊಳಗೆ ಬಿಟ್ಟ ಗಾಳಿಗುಳ್ಳೆ ಆ ಪದರವನ್ನು ಒತ್ತಿ ಹಿಡಿಯಬೇಕಲ್ಲ. ನನ್ನದು ಪೂರ್ತಿ ದಪ್ಪದ ಕಸಿ, ಆ ಕಷ್ಟ ಇರಲಿಲ್ಲ. ಹೀಗೆ ಒಬ್ಬೊಬ್ಬರ ನಿಯಮ ಒಂದೊಂದು. ಪೊರೆ ಆಪರೇಷನ್ ಆದವರ ಸಲಹೆಯಂತೂ ಬೇಡವೇ ಬೇಡ. ಅವರು ಎಷ್ಟು ಬೇಗ ತೋಟಕ್ಕೆ ಇಳಿದರು ಅನ್ನುವುದು ನಮಗೆ ಲೆಕ್ಕಕ್ಕಿಲ್ಲ.

ಹೊಲಿಗೆಯ ವಿಷಯ ನನಗೆ ಇಷ್ಟದ್ದು, ಸ್ವಲ್ಪ ಉದ್ದ ಹೇಳುತ್ತೇನೆ. ದಾರ ನೈಲಾನಿನದು, ಕೂದಲಿಗಿಂತ ತೆಳು. 10-0 ಅಂತ ಅದರ ನಂಬರ್. ನನ್ನ ಕಣ್ಣಿನಲ್ಲಿ ಸುತ್ತ 16 ಹೊಲಿಗೆ. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಸಮವಾಗಿ ಹಾಕಿದ ಕೈಯನ್ನು ನಾನು ಟೈಲರ್ ಆಗಿ ಮೆಚ್ಚಲೇಬೇಕು. ಕಾರ್ನಿಯಾದಲ್ಲಿ ರಕ್ತನಾಳ ಇಲ್ಲ. ಹಾಗಾಗಿ ಗಾಯ ಮಾಯುವುದು ತುಂಬಾ ನಿಧಾನ, ಹೊಲಿಗೆ ವರ್ಷದ ಮೇಲೂ ಇರಬಹುದು. ಒಂದು ಕಡೆ ದಾರ ಬಿಗಿಯಾದರೆ ರವಿಕೆಯ ಕಂಕುಳು ಸುಕ್ಕು ಹಿಡಿದ ಹಾಗೆ ಕಾರ್ನಿಯಾ ಆ ಕಡೆಗೆ ಎಳೆದುಕೊಳ್ಳುತ್ತದೆ. ನೋಟ ಸೊಟ್ಟಗಾಗುತ್ತದೆ. ಡಾಕ್ಟರು ಕಾರ್ನಿಯಾದ ಮ್ಯಾಪ್ ತೆಗೆದು, ಬಿಗಿ ಇರುವ ಹೊಲಿಗೆಯನ್ನೇ ಹುಡುಕಿ ಬಿಚ್ಚುತ್ತಾರೆ. ಬಿಚ್ಚಿದಾಗೆಲ್ಲ ನಂಬರ್ ಬದಲಾಗುತ್ತದೆ. ಆದ್ದರಿಂದ ಮೊದಲ ವರ್ಷ ದುಬಾರಿ ಕನ್ನಡಕ ಮಾಡಿಸಬೇಡಿ. ಹೊಲಿಗೆ ತಾನಾಗಿ ಸಡಿಲವಾದರೆ ಕಣ್ಣಿಗೆ ಕಸ ಬಿದ್ದ ಹಾಗೆ ಚುಚ್ಚುತ್ತದೆ. ಅವತ್ತೇ ಹೊರಡಿ. ಸಡಿಲ ದಾರದ ಜಾಗದಲ್ಲೇ ಸೋಂಕು ಹಿಡಿಯುವುದು.

ಎಲ್ಲ ಹೊಲಿಗೆ ಬಿಚ್ಚಿದ ಮೇಲೂ ಆ ಗಾಯದ ಗೆರೆ ಮೊದಲಿನಷ್ಟು ಗಟ್ಟಿಯಾಗುವುದಿಲ್ಲ. ಜೋರು ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಬಿರಿಯಬಹುದು. ಕೊಟ್ಟಿಗೆಯಲ್ಲಿ ಕರು ತಲೆ ಒದರುತ್ತದೆ. ತೋಟದಲ್ಲಿ ಅಡಿಕೆ ಸೋಗೆ ಬೀಳುತ್ತದೆ. ಪಕ್ಕದಲ್ಲಿ ಮಲಗಿದ ಮಗು ನಿದ್ದೆಯಲ್ಲಿ ಮೊಣಕೈ ಬೀಸುತ್ತದೆ. ಹಗಲು ಪಾಲಿಕಾರ್ಬನೇಟ್ ಗಾಜಿನ ಕನ್ನಡಕ, ರಾತ್ರಿ ಡಾಕ್ಟರು ಹೇಳುವಷ್ಟು ದಿನ ಪ್ಲಾಸ್ಟಿಕ್ ಶೀಲ್ಡ್. ಹಾಲು ಕರೆಯುವ ಕೆಲಸ ನಮ್ಮನೆಯವರಿಗೆ ದಾಟಿಸಿದ್ದೇನೆ, ವಾಪಸ್ ತಗೊಳ್ಳುವ ಯೋಚನೆ ಇಲ್ಲ.

ಹೊಗೆಗೆ ನಾನು ಕಂಡುಕೊಂಡ ದಾರಿ ಸುಲಭದ್ದು. ಒಲೆ ಹೊತ್ತಿಸುವುದು, ಊದುವುದು ಬೇರೆಯವರ ಕೆಲಸ. ಕೆಂಡ ಆದಮೇಲೆ ನಾನು ಬಚ್ಚಲಿಗೆ ಹೋಗುತ್ತೇನೆ. ಮೊದಲ ವಾರಗಳಲ್ಲಿ ಕಣ್ಣಿಗೆ ನೀರು ಸೋಕಬಾರದು. ಕುತ್ತಿಗೆಯಿಂದ ಕೆಳಗೆ ಮಾತ್ರ ಸ್ನಾನ. ಡಾಕ್ಟರು ಒಪ್ಪಿದ ಮೇಲೆ ತಲೆಯನ್ನು ಹಿಂದಕ್ಕೆ ಚೆಲ್ಲಿ ಕೂತು, ಬೇರೆಯವರಿಂದ ನೀರು ಹಾಕಿಸಿಕೊಳ್ಳಿ. ಆ ವರ್ಷದ ದೀಪಾವಳಿ ಎಣ್ಣೆಸ್ನಾನ ತಪ್ಪಿದರೆ ಏನೂ ಆಗುವುದಿಲ್ಲ. ಹೊಳೆಗೆ ಇಳಿಯುವುದು ಬೇಡ.

ಹೊಗೆಗಿಂತ ನನಗೆ ಭಯ ಸುಣ್ಣದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಣ್ಣ ಕಾರ್ನಿಯಾವನ್ನು ಸುಡುತ್ತಾ ಒಳಗೆ ಇಳಿಯುತ್ತದೆ. ಔಷಧಿ ಹೊಡೆಯುವ ದಿನ ತೋಟದ ಕಡೆ ಹೋಗಲೇಬೇಡಿ. ಎಲೆಅಡಿಕೆ ತಟ್ಟೆಯ ಸುಣ್ಣ ಮಕ್ಕಳ ಕೈಗೆ ಸಿಗಬಾರದು. ಯಾರ ಕಣ್ಣಿಗೇ ಬಿದ್ದರೂ ಆಸ್ಪತ್ರೆಗೆ ಓಡುವ ಮೊದಲು ಶುದ್ಧ ನೀರಿನಲ್ಲಿ ಕಾಲು ಗಂಟೆಗೂ ಜಾಸ್ತಿ ತೊಳೆಯಿರಿ. ಆಪರೇಷನ್ ಆದ ಕಣ್ಣಾದರೆ ಒತ್ತದೆ ನಿಧಾನವಾಗಿ ನೀರು ಹರಿಸಿ.

ಡ್ರಾಪ್ಸ್ ಹಾಕುವಾಗ ಕೈ ತೊಳೆಯಿರಿ, ಕೆಳಗಿನ ರೆಪ್ಪೆ ಎಳೆಯಿರಿ, ಬಾಟಲಿಯ ಮೂತಿ ಎಲ್ಲಿಗೂ ತಾಗಿಸದೆ ಒಂದೇ ಹನಿ ಬಿಡಿ. ಎರಡನೆಯ ಔಷಧಿಗೆ ಐದು ನಿಮಿಷ ಬಿಡುವು, ಮುಲಾಮು ಕೊನೆಗೆ. ದೇಹ ಕಸಿಯನ್ನು ತಿರಸ್ಕರಿಸದ ಹಾಗೆ ಕೊಡುವ ಸ್ಟೀರಾಯ್ಡ್ ಹನಿ ಹಾಲಿನ ಹಾಗೆ ಬೆಳ್ಳಗಿದ್ದರೆ ಬಾಟಲಿಯನ್ನು ಕುಲುಕಬೇಕು, ಇಲ್ಲದಿದ್ದರೆ ಔಷಧಿ ತಳದಲ್ಲೇ ಉಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಬಾಟಲಿ ಜಾಸ್ತಿ ತಂದಿಡಿ. ಮರ ಬಿದ್ದು ಬಸ್ ನಿಂತ ದಿನವೇ ಔಷಧಿ ಮುಗಿಯುವುದು! ಕಣ್ಣು ಚೆನ್ನಾಗಿದೆ ಅಂತ ಸ್ಟೀರಾಯ್ಡನ್ನು ನೀವಾಗೇ ನಿಲ್ಲಿಸಬೇಡಿ, ಡಾಕ್ಟರು ಕಡಿಮೆ ಮಾಡುತ್ತಾ ಬರುತ್ತಾರೆ. ಅದೇ ಸ್ಟೀರಾಯ್ಡ್ ನೋವಿಲ್ಲದೆ ಕಣ್ಣಿನ ಪ್ರೆಶರ್ ಏರಿಸಬಹುದು. ಅದಕ್ಕೇ ಏನೂ ತೊಂದರೆ ಇಲ್ಲದಿದ್ದರೂ ಹೇಳಿದ ತಾರೀಖಿಗೆ ತೋರಿಸಿ. ನಂದಿಬಟ್ಟಲು ಹೂವಿನ ರಸ, ಜೇನು, ಎದೆಹಾಲು ಅಂತ ಹೇಳುವವರು ಬಂದೇ ಬರುತ್ತಾರೆ. ಕಾಫಿ ಕೊಟ್ಟು ಕಳಿಸಿ.

ದಿನಾ ಬೆಳಿಗ್ಗೆ ಒಳ್ಳೆಯ ಕಣ್ಣನ್ನು ಮುಚ್ಚಿ, ಅದೇ ಜಾಗದಲ್ಲಿ ನಿಂತು ಗೋಡೆಯ ಕ್ಯಾಲೆಂಡರ್ ಓದಿ. ಆಷಾಢದಲ್ಲಿ ನಮ್ಮಲ್ಲಿ ಬೆಳಿಗ್ಗೆಯೂ ಕತ್ತಲೆಯೇ, ಅದಕ್ಕೆ ಲೈಟ್ ಹಾಕಿಕೊಂಡೇ ನೋಡಿ. ನಿನ್ನೆ ಕಂಡ ತಾರೀಖು ಇವತ್ತು ಮಸುಕಾದರೆ, ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ನೋವು ಬಂದರೆ ದೇಹ ಕಸಿಯನ್ನು ತಿರಸ್ಕರಿಸುತ್ತಿರಬಹುದು. ನಾಲ್ಕೂ ಸೇರಬೇಕಿಲ್ಲ, ಒಂದೇ ಸಾಕು. ‘ಮದ್ರಾಸ್ ಐ ಇರಬೇಕು, ಮೂರು ದಿನಕ್ಕೆ ಹೋಗುತ್ತೆ’ ಅನ್ನುವ ಮಾತು ಕೇಳಬೇಡಿ. ಬೇಗ ಹೋದರೆ ಡ್ರಾಪ್ಸ್ ಜಾಸ್ತಿ ಮಾಡಿ ಎಷ್ಟೋ ಸಲ ಕಸಿ ಉಳಿಸುತ್ತಾರೆ. ಬೆಂಗಳೂರಿನಲ್ಲಿ ಆಪರೇಷನ್ ಆಗಿದ್ದರೂ ಅವತ್ತಿಗೆ ಶಿವಮೊಗ್ಗದಲ್ಲಿ ಸಿಗುವ ಕಣ್ಣಿನ ಡಾಕ್ಟರಿಗೆ ತೋರಿಸಿ, ಅಲ್ಲಿಂದಲೇ ಫೋನ್ ಮಾಡಿಸಿ. ಡಿಸ್ಚಾರ್ಜ್ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ತೊಂದರೆ ಮೊದಲ ವರ್ಷ ಜಾಸ್ತಿ, ಆದರೆ ಎಷ್ಟೋ ವರ್ಷದ ಮೇಲೂ ಬರಬಹುದು.

ಇನ್ನು ಮನೆಯ ಮಕ್ಕಳು. ಅಲರ್ಜಿ, ಕಣ್ಣುಜ್ಜುವ ಅಭ್ಯಾಸ, ವರ್ಷಕ್ಕೊಮ್ಮೆ ಹೊಸ ನಂಬರ್ ಇದ್ದರೆ ಸುಮ್ನೆ ಬಿಡಬೇಡಿ. ಕೆರಟೋಕೋನಸ್ ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಬರುತ್ತದೆ. ಬರೀ ಕನ್ನಡಕದ ನಂಬರ್ ನೋಡಿದರೆ ಶುರುವಿನಲ್ಲಿ ಗೊತ್ತಾಗುವುದು ಕಷ್ಟ. ಕಾರ್ನಿಯಾದ ಮ್ಯಾಪ್ ತೆಗೆಯುವ ಪರೀಕ್ಷೆಗೆ ಕಾರ್ನಿಯಾ ಟೋಪೋಗ್ರಫಿ ಅನ್ನುತ್ತಾರೆ, ಅದನ್ನು ಮಾಡಿ ಅಂತ ಹೆಸರು ಹಿಡಿದೇ ಕೇಳಿ. ಸೂಜಿ ಇಲ್ಲ, ನೋವಿಲ್ಲ. ಗಲ್ಲ ಇಟ್ಟು ಯಂತ್ರದೊಳಗೆ ನೋಡಿದರೆ ಆಯಿತು.