ನಲ್ಲಿ ಬಿಚ್ಚುವ ಮೊದಲು ವಾಲ್ವ್ ತಿರುಗುತ್ತದೆಯೇ ನೋಡಿ

ಕಾರವಾರ, ಅಂಕೋಲಾ, ಕುಮಟಾ ಕಡೆಯ ಮನೆಗಳಲ್ಲಿ ಸದ್ದಿಲ್ಲದೆ ಕೆಡುವುದು ಟ್ಯಾಂಕಿನ ಕೆಳಗಿನ ಗೇಟ್‌ವಾಲ್ವ್, ಅಂದರೆ ತಿರುಗಿಸಿ ಇಡೀ ಪೈಪಿನ ನೀರು ನಿಲ್ಲಿಸುವ ವಾಲ್ವ್. ಹೊರಗಿನಿಂದ ಕಡಲಗಾಳಿಯ ಉಪ್ಪು, ಒಳಗಿನಿಂದ ಚಿರೇಕಲ್ಲು ನೆಲದ ಬಾವಿನೀರಿನ ಕಬ್ಬಿಣದಂಶ. ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವ್ ಬಿಗಿದು ಕೂರುತ್ತದೆ. ಗೊತ್ತಾಗುವುದು ನಲ್ಲಿ ಬಿಚ್ಚಬೇಕಾದ ದಿನವೇ. ಎರಡು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ಕೊನೆಗೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿಡಿ. ನೀರಿನ ಜೋರು ತಗ್ಗಿಸಲು ಅದನ್ನು ಅರ್ಧ ತೆರೆದಿಡಬೇಡಿ, ನೀರು ತಡೆಯುವ ಒಳಗಿನ ತಗಡು ಸವೆದು ಆಮೇಲೆ ಮುಚ್ಚಿದರೂ ನೀರು ನಿಲ್ಲದು.

ಎಲ್ಲಾದರೂ ಸೋರಿಕೆ ಇದೆಯೇ? ರಾತ್ರಿ ಪಂಪ್ ಬಂದ್ ಮಾಡಿ, ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲೇ ನೋಡಿ. 1.1 ಮೀಟರ್ ಅಗಲದ ದುಂಡು ಟ್ಯಾಂಕಿನಲ್ಲಿ 1 ಸೆಂ.ಮೀ. ಇಳಿದಿದ್ದರೆ ಸುಮಾರು ಒಂಬತ್ತೂವರೆ ಲೀಟರ್ ಹೋಗಿದೆ ಎಂದರ್ಥ. ಹೆಚ್ಚಿನ ಸಲ ಕಳ್ಳ ಕಕ್ಕಸಿನ ಫ್ಲಶ್ ಟ್ಯಾಂಕ್. ಅದರಲ್ಲಿ ತುಸು ಅರಿಶಿನ ಕದಡಿ ಅರ್ಧ ಗಂಟೆ ಬಿಡಿ. ಫ್ಲಶ್ ಮಾಡದೆಯೇ ಕೆಳಗೆ ಹಳದಿ ಕಂಡರೆ ಒಳಗಿನ ರಬ್ಬರ್ ಹೋಗಿದೆ.

ತೊಟ್ಟಿಕ್ಕುವ ಹಳೆಯ ತಿರುಪಿನ ನಲ್ಲಿಗೆ ಬೇಕಾದದ್ದು ಒಂದು ಪಾನಾ, ಅರ್ಧ ಇಂಚಿನ ರಬ್ಬರ್ ವಾಷರ್, ಇಪ್ಪತ್ತು ನಿಮಿಷ. ವಾಲ್ವ್ ಮುಚ್ಚಿ, ನಲ್ಲಿ ತೆರೆದು ಪೈಪಿನ ನೀರು ಖಾಲಿ ಮಾಡಿ. ಹಿಡಿಕೆ ತೆಗೆದು, ಮೇಲಿನ ನಟ್ಟಿಗೆ ಬಟ್ಟೆ ಸುತ್ತಿ ಪಾನಾದಿಂದ ಎಡಕ್ಕೆ ತಿರುಗಿಸಿ. ಬಟ್ಟೆ ಇಲ್ಲದಿದ್ದರೆ ಹೊಳಪಿನ ಮೇಲೆ ಹಲ್ಲಿನ ಗುರುತು ಬೀಳುತ್ತದೆ. ಸ್ಪಿಂಡಲ್ (ನಲ್ಲಿಯೊಳಗಿನ ತಿರುಪಿನ ಕಡ್ಡಿ) ಹೊರಬಂದಾಗ ತುದಿಯ ವಾಷರ್ ನೋಡಿ. ನಡುವೆ ಆಳವಾದ ಬಳೆಯಂಥ ಗೀರು ಬಿದ್ದಿದ್ದರೆ ಬದಲಿಸಿ. ಹಳೆಯದನ್ನೇ ಅಂಗಡಿಗೆ ಒಯ್ಯುವುದು ಜಾಣತನ, ಅಳತೆಯಲ್ಲಿ ಸಣ್ಣ ವ್ಯತ್ಯಾಸವಾದರೂ ಕೂರುವುದಿಲ್ಲ. ವಾಷರ್ ಕೂರುವ ಹಿತ್ತಾಳೆಯ ಅಂಚನ್ನು ಬೆರಳಿನಿಂದ ಸವರಿ. ಅಲ್ಲಿ ಕಚ್ಚು ಇದ್ದರೆ ಹೊಸ ವಾಷರ್ ವಾರದಲ್ಲೇ ಕೆಡುತ್ತದೆ, ಆಗ ನಲ್ಲಿಯನ್ನೇ ಬದಲಿಸುವುದು ಒಳ್ಳೆಯದು. ಕಾಲು ಸುತ್ತಿನ ಹೊಸ ನಲ್ಲಿಗಳಲ್ಲಿ ವಾಷರ್ ಇರುವುದಿಲ್ಲ, ಒಳಗಿನ ಕಾರ್ಟ್ರಿಜ್ ಇಡಿಯಾಗಿ ಹೊಸದು ಹಾಕಬೇಕು.

ಹೊಸ ನಲ್ಲಿ ಕೂರಿಸುವಾಗ ಟೆಫ್ಲಾನ್ ಟೇಪನ್ನು ತಿರುಪು ಏರುವ ದಿಕ್ಕಿಗೇ, ತುದಿ ನಿಮ್ಮತ್ತ ಇರುವಂತೆ ಹಿಡಿದು ಬಲಕ್ಕೆ, 10–12 ಸುತ್ತು ಬಿಗಿಯಾಗಿ ಸುತ್ತಿ. ಉಲ್ಟಾ ಸುತ್ತಿದರೆ ಬಿಗಿಮಾಡುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ.

ನಲ್ಲಿಯ ಬಾಯಿಯ ಜಾಲರಿಯಲ್ಲಿ ಕೆಂಪು ಕಸ ಕಟ್ಟಿದ್ದರೆ ಅದನ್ನು ಬಿಚ್ಚಿ ಲಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿ. ಕಕ್ಕಸು ತೊಳೆಯುವ ಆ್ಯಸಿಡ್ ಮುಟ್ಟಿಸಬೇಡಿ, ಹೊಳಪು ಕಿತ್ತು ಹೋಗುತ್ತದೆ.

ಏಪ್ರಿಲ್–ಮೇ ಹೊತ್ತಿಗೆ ಬಾವಿಯ ಪಂಪ್ ಓಡಿದರೂ ನೀರು ಬಾರದಿದ್ದರೆ ಮೋಟಾರನ್ನು ದೂರುವ ಮೊದಲು ಪಂಪಿನ ಬಾಯಿಗೆ ನೀರು ತುಂಬಿ. ತುಂಬಿದ ನೀರು ಇಳಿಯುತ್ತಲೇ ಇದ್ದರೆ ಬಾವಿಯೊಳಗೆ ಹೀರುವ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್‌ನಲ್ಲಿ ಎಲೆಯೋ ಮರಳೋ ಸಿಕ್ಕಿರಬಹುದು. ಆ ವಾಲ್ವನ್ನು ಬಾವಿತಳದಿಂದ ಕನಿಷ್ಠ ಒಂದು ಅಡಿ ಮೇಲಿಡಿ. ತುಂಬಿದ ನೀರು ಇಳಿಯದೆ ನಿಂತಿದ್ದೂ ಪಂಪ್ ಎಳೆಯದಿದ್ದರೆ ಹೀರುವ ಪೈಪಿನ ಜೋಡಣೆ ಗಾಳಿ ಎಳೆಯುತ್ತಿರಬಹುದು. ಪಂಪ್ ಓಡುವಾಗ ಅಲ್ಲಿ ಹನಿ ಕಾಣದು, ಅದಕ್ಕೇ ಹುಡುಕುವುದು ಕಷ್ಟ.