ಕರ್ನಲ್ ಅಪ್‌ಡೇಟ್ ಆದ ಮೇಲೆ ಕಂಪ್ಯೂಟರಿಗೆ ಫೋನ್ ಸಿಗುತ್ತಿಲ್ಲವೇ? ಹೀಗೆ ಹುಡುಕಿ

ಲಿನಕ್ಸ್ ಬಳಸುವವರಿಗೆ ಈ ತೊಂದರೆ ಹೊಸದಲ್ಲ. ರಾತ್ರಿ ಅಪ್‌ಡೇಟ್ ಹಾಕಿ ಮಲಗಿರುತ್ತೀರಿ. ಅದರಲ್ಲಿ ಹೊಸ ಕರ್ನಲ್ (ಯಂತ್ರದ ಭಾಗಗಳನ್ನೆಲ್ಲ ನಡೆಸುವ ಲಿನಕ್ಸಿನ ತಿರುಳು) ಕೂಡ ಬಂದಿರುತ್ತದೆ. ಬೆಳಿಗ್ಗೆ ಕೇಬಲ್ ಹಾಕಿದರೆ ಫೋನ್ ಚಾರ್ಜ್ ಆಗುತ್ತದೆ, ಆದರೆ ಕಂಪ್ಯೂಟರಿನಲ್ಲಿ ಅದರ ಸುಳಿವೇ ಇಲ್ಲ. ಫೋಟೊ ಇಳಿಸಿಕೊಳ್ಳಲು ಆಗುವುದಿಲ್ಲ. ಫೋನಿನ ನೆಟ್ ನಂಬಿಕೊಂಡ ಮನೆಯಾದರೆ ಇಂಟರ್ನೆಟ್ಟೂ ಹೋಯಿತು.

ಕರ್ನಲ್ಲೇ ಕೈಕೊಟ್ಟಿತು ಎಂದು ತೀರ್ಮಾನಿಸಿ ಇಡೀ ಸಿಸ್ಟಮ್ ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ. ದಯವಿಟ್ಟು ಅಷ್ಟು ಅವಸರ ಬೇಡ. ಕರ್ನಲ್ ತಪ್ಪು ಮಾಡುವುದೇ ಇಲ್ಲ ಎಂದಲ್ಲ, ಮಾಡುತ್ತದೆ. ಆದರೆ ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದ ಪ್ರಸಂಗಗಳೂ ಜಾಸ್ತಿ. ಆ ರಾತ್ರಿ ಕರ್ನಲ್ ಜೊತೆಗೆ ಇನ್ನೂ ಹತ್ತಾರು ಪ್ಯಾಕೇಜುಗಳು, ಅಂದರೆ ಸಾಫ್ಟ್‌ವೇರ್ ಕಟ್ಟುಗಳು, ಬದಲಾಗಿರುತ್ತವೆ. ಕೇಬಲ್ ಹಳೆಯದಾಗಿರಬಹುದು. ಫೋನಿನ ಸೆಟ್ಟಿಂಗ್ ಬದಲಾಗಿರಬಹುದು. ಯಾವುದು ಕಾರಣ ಅಂತ ಊಹಿಸಬೇಕಿಲ್ಲ, ಪರೀಕ್ಷೆ ಮಾಡಿಯೇ ತಿಳಿಯಬಹುದು.

ಇಲ್ಲಿ ಕೆಲವು ಕಮಾಂಡ್‌ಗಳು ಬರುತ್ತವೆ. ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು, ಅವನ್ನೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಿ. ಉಬುಂಟು ಮತ್ತು ಲಿನಕ್ಸ್ ಮಿಂಟ್ ಎಂಬ ಲಿನಕ್ಸ್ ಬಗೆಗಳನ್ನು ಬಳಸುವವರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಆರ್ಚ್, ಫೆಡೋರಾದಂಥ ಬೇರೆ ಬಗೆಗಳಲ್ಲಿ ವ್ಯತ್ಯಾಸ ಇದ್ದಲ್ಲಿ ಹೇಳುತ್ತೇನೆ.

ಮೊದಲು ರೀಸ್ಟಾರ್ಟ್ ಮಾಡಿ

ಇದು ಸುಮ್ನೆ ಹೇಳುವ ಮಾತಲ್ಲ, ಇದಕ್ಕೆ ಕಾರಣ ಇದೆ. ಕರ್ನಲ್ ಅಪ್‌ಡೇಟ್ ಆದಾಗ ಡಿಸ್ಕಿನಲ್ಲಿ ಹೊಸ ಕರ್ನಲ್ ಬಂದು ಕೂರುತ್ತದೆ. ಆದರೆ ರೀಸ್ಟಾರ್ಟ್ ಮಾಡುವವರೆಗೆ ಕೆಲಸ ಮಾಡುತ್ತಿರುವುದು ಹಳೆಯದೇ. ಕರ್ನಲ್ ಸಾಧನಗಳನ್ನು ನಡೆಸುವ ತನ್ನ ಡ್ರೈವರುಗಳನ್ನು ಮಾಡ್ಯೂಲ್ ಎಂಬ ಬಿಡಿ ಫೈಲುಗಳಲ್ಲಿ ಇಟ್ಟುಕೊಂಡು, ಬೇಕಾದಾಗ ಡಿಸ್ಕಿನಿಂದ ಎತ್ತಿಕೊಳ್ಳುತ್ತದೆ. ಪ್ರತಿ ಕರ್ನಲ್ಲಿಗೂ ಅದರದೇ ಮಾಡ್ಯೂಲುಗಳು ಬೇಕು. ಒಂದರದ್ದು ಇನ್ನೊಂದಕ್ಕೆ ಆಗಿಬರುವುದಿಲ್ಲ.

ಆರ್ಚ್ ಲಿನಕ್ಸಿನಲ್ಲಿ ಅಪ್‌ಡೇಟ್ ಆದ ಕೂಡಲೇ ಹಳೆಯ ಕರ್ನಲ್ಲಿನ ಮಾಡ್ಯೂಲುಗಳನ್ನು ಅಳಿಸಿಬಿಡುತ್ತದೆ. ಆಮೇಲೆ ರೀಸ್ಟಾರ್ಟ್ ಮಾಡದೆ ಪೆನ್ ಡ್ರೈವ್ ಹಾಕಿದರೆ, ಓಡುತ್ತಿರುವ ಕರ್ನಲ್ ತನ್ನ ಡ್ರೈವರ್ ಹುಡುಕುತ್ತದೆ. ಅಲ್ಲಿ ಏನೂ ಇರುವುದಿಲ್ಲ. ಉಬುಂಟು ಹಳೆಯದನ್ನು ಪಕ್ಕದಲ್ಲೇ ಉಳಿಸಿಕೊಳ್ಳುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಆದರೂ ಅರ್ಧ ಹೊಸದು, ಅರ್ಧ ಹಳೆಯದು ಎಂಬ ಸ್ಥಿತಿಯಲ್ಲಿ ಪರೀಕ್ಷೆ ಮಾಡಿದರೆ ಸಿಗುವ ಉತ್ತರವನ್ನು ನಂಬಲಾಗದು.

ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಅದು ರೀಸ್ಟಾರ್ಟ್ ಅಲ್ಲ. ಮೆನುವಿನಿಂದಲೇ ರೀಸ್ಟಾರ್ಟ್ ಕೊಡಿ. ಎದ್ದ ಮೇಲೆ ‘ಯುನೇಮ್’ (ಯು, ಎನ್, ಎ, ಎಂ, ಇ) ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಮೈನಸ್ ಚಿಹ್ನೆ ಮತ್ತು ಆರ್ ಅಕ್ಷರ ಸೇರಿಸಿ ಎಂಟರ್ ಒತ್ತಿ. ಈಗ ಓಡುತ್ತಿರುವ ಕರ್ನಲ್ಲಿನ ಸಂಖ್ಯೆ ಕಾಣುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಫೋನಿನ ಪರದೆ ನೋಡಿ

2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ, ಕೇಬಲ್ ಹಾಕಿದರೆ ಫೋನ್ ಬರೀ ಚಾರ್ಜ್ ಆಗುತ್ತದೆ. ಫೈಲು ತೋರಿಸಬೇಕಾದರೆ ನೀವೇ ಹೇಳಬೇಕು. ಫೋನಿನ ಲಾಕ್ ತೆಗೆಯಿರಿ, ಮೇಲಿನಿಂದ ನೋಟಿಫಿಕೇಶನ್ ಎಳೆಯಿರಿ, ಯುಎಸ್‌ಬಿ ಕುರಿತ ಸಾಲನ್ನು ಮುಟ್ಟಿ ಫೈಲ್ ವರ್ಗಾವಣೆ ಆಯ್ಕೆ ಮಾಡಿ. ಐಫೋನ್ ಆದರೆ ‘ಈ ಕಂಪ್ಯೂಟರನ್ನು ನಂಬಬಹುದೇ’ ಎಂದು ಕೇಳುತ್ತದೆ, ಒಪ್ಪಿಗೆ ಕೊಡಿ.

ಇನ್ನು ಕೇಬಲ್. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ ಒಳಗೆ ನಾಲ್ಕು ತಂತಿ. ಎರಡು ಕರೆಂಟಿಗೆ, ಎರಡು ಡೇಟಾಕ್ಕೆ. ಅಗ್ಗದ ಕೆಲವು ಚಾರ್ಜಿಂಗ್ ಕೇಬಲುಗಳಲ್ಲಿ ಡೇಟಾ ತಂತಿ ಇರುವುದೇ ಇಲ್ಲ. ಇದ್ದರೂ ಬಾಗಿ ಬಾಗಿ ಒಳಗೇ ತುಂಡಾಗಿರುತ್ತದೆ. ಚಾರ್ಜ್ ಆಗುತ್ತಿದೆ ಎಂದ ಮಾತ್ರಕ್ಕೆ ಕೇಬಲ್ ಸರಿ ಇದೆ ಎಂದಲ್ಲ. ಡೇಟಾ ಹೋಗುತ್ತದೆ ಎಂದು ಖಚಿತವಾಗಿ ಗೊತ್ತಿರುವ ಇನ್ನೊಂದು ಕೇಬಲ್ ತನ್ನಿ. ಹಬ್ ಇದ್ದರೆ ತೆಗೆದು, ನೇರವಾಗಿ ಕಂಪ್ಯೂಟರಿಗೇ ಹಾಕಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟು ಬಳಸಿ, ಅದು ಮದರ್‌ಬೋರ್ಡಿಗೇ ಕೂಡಿಕೊಂಡಿರುತ್ತದೆ.

ಹಳೆಯ ಕರ್ನಲ್ಲಿಗೆ ಹೋಗಿ ನೋಡಿ

ಇಡೀ ಹುಡುಕಾಟದಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವ ಹೆಜ್ಜೆ ಇದು. ಆದರೆ ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ. ತಪ್ಪು ಹೊಸ ಕರ್ನಲ್ಲಿನದೋ ಅಲ್ಲವೋ ಎಂಬುದು ಐದು ನಿಮಿಷದಲ್ಲಿ ಇತ್ಯರ್ಥವಾಗುತ್ತದೆ, ಏನನ್ನೂ ಅಳಿಸಬೇಕಾಗಿಲ್ಲ.

ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಕಂಪನಿಯ ಲೋಗೊ ಕಾಣುವಾಗ, ಹಳೆಯ ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರ್) ಇರುವ ಯಂತ್ರವಾದರೆ ಶಿಫ್ಟ್ ಕೀ ಒತ್ತಿ ಹಿಡಿಯಿರಿ. ಅದರ ಹೊಸ ರೂಪವಾದ ಯುಇಎಫ್ಐ ಇರುವ ಯಂತ್ರವಾದರೆ ಎಸ್ಕೇಪ್ ಕೀ ಒಮ್ಮೆ ತಟ್ಟಿ. ಯಾವ ಕರ್ನಲ್ ಎಬ್ಬಿಸಬೇಕೆಂದು ಆರಿಸಿಕೊಳ್ಳುವ ಗ್ರಬ್ ಎಂಬ ಮೆನು ಬರುತ್ತದೆ. ಎಸ್ಕೇಪ್ ಹೆಚ್ಚು ಸಲ ಒತ್ತಿದರೆ ಮೆನು ದಾಟಿ ಗ್ರಬ್‌ನ ಕಪ್ಪು ಪರದೆಗೆ ಹೋಗಬಹುದು. ಹೆದರಬೇಡಿ. ಅಲ್ಲಿ ‘ನಾರ್ಮಲ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ ವಾಪಸ್ ಬರಬಹುದು.

ಮೆನುವಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬ ಸಾಲು ಇರುತ್ತದೆ. ಅದರೊಳಗೆ ಹೋದರೆ ಇರುವ ಕರ್ನಲ್ಲುಗಳೆಲ್ಲ ಸಾಲಾಗಿ ಕಾಣುತ್ತವೆ. ಹಿಂದಿನ ಸಂಖ್ಯೆಯದನ್ನು ಆರಿಸಿ. ‘ರಿಕವರಿ ಮೋಡ್’ ಎಂದಿರುವುದು ಬೇಡ. ಫೆಡೋರಾದಲ್ಲಿ ಸಾಮಾನ್ಯವಾಗಿ ಮೂರು ಕರ್ನಲ್ ಉಳಿದಿರುತ್ತವೆ. ಆರ್ಚ್‌ನಲ್ಲಿ ಹಳೆಯದು ಉಳಿಯುವುದಿಲ್ಲ. ಅದಕ್ಕೇ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಕರ್ನಲ್ ಒಂದನ್ನು ಜೊತೆಗೆ ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಈಗ ಅದೇ ಫೋನ್, ಅದೇ ಕೇಬಲ್, ಅದೇ ಪೋರ್ಟ್. ಇಲ್ಲಿಯೂ ಫೋನ್ ಸಿಗದಿದ್ದರೆ ಹೊಸ ಕರ್ನಲ್ಲನ್ನು ದೂರಬೇಕಿಲ್ಲ. ತೊಂದರೆ ಕೇಬಲ್, ಫೋನ್ ಅಥವಾ ಅಂದು ಬದಲಾದ ಬೇರೆ ಪ್ಯಾಕೇಜಿನಲ್ಲಿದೆ. ಏನೇನು ಬದಲಾಯಿತು ಎಂಬ ಪಟ್ಟಿ ಉಬುಂಟುವಿನಲ್ಲಿ ‘ವಾರ್’ ಫೋಲ್ಡರಿನ ‘ಲಾಗ್’, ಅದರೊಳಗಿನ ‘ಆಪ್ಟ್’ ಫೋಲ್ಡರಿನಲ್ಲಿ ‘ಹಿಸ್ಟರಿ’ ಎಂಬ ಫೈಲಿನಲ್ಲಿದೆ. ಹಳೆಯದರಲ್ಲಿ ಸಿಕ್ಕಿ ಹೊಸದರಲ್ಲಿ ಸಿಗದಿದ್ದರೆ, ನಿಮ್ಮ ಅನುಮಾನ ಸರಿ.

ಕರ್ನಲ್ ಏನನ್ನುತ್ತದೆ, ಕೇಳಿ

ಮತ್ತೆ ಹೊಸ ಕರ್ನಲ್ಲಿಗೆ ಬನ್ನಿ. ಫೋನ್ ತೆಗೆದಿಟ್ಟು ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ಕೊಡಿ. ಐದೂ ಅಕ್ಷರ ಒಟ್ಟಿಗೆ, ನಡುವೆ ಜಾಗ ಬೇಡ. ಈಗಿರುವ ಸಾಧನಗಳ ಪಟ್ಟಿ ಬರುತ್ತದೆ. ಫೋನ್ ಹಾಕಿ ಮತ್ತೊಮ್ಮೆ ಕೊಡಿ. ಹೊಸದೊಂದು ಸಾಲು ಸೇರಿತೇ? ಆ ಸಾಲಿನಲ್ಲಿ ನಾಲ್ಕು ನಾಲ್ಕು ಅಂಕಿ-ಅಕ್ಷರಗಳ ಜೋಡಿ ಇರುತ್ತದೆ. ಮೊದಲ ನಾಲ್ಕು ತಯಾರಕರ ಗುರುತು. ಸ್ಯಾಮ್‌ಸಂಗ್ ಆದರೆ 04ಇ8, ಗೂಗಲ್ ಆದರೆ 18ಡಿ1, ಶವೋಮಿ ಆದರೆ 2717, ಆಪಲ್ ಆದರೆ 05ಎಸಿ.

ಸಾಲು ಸೇರಿದ್ದರೆ ತಂತಿಯ ಮಟ್ಟದಲ್ಲಿ ಎಲ್ಲವೂ ಸರಿ. ಸೇರದಿದ್ದರೆ ‘ಸೂಡೊ’ (ಎಸ್, ಯು, ಡಿ, ಒ; ಆಡಳಿತಗಾರರ ಅಧಿಕಾರದಲ್ಲಿ ಓಡಿಸು ಎಂದರ್ಥ) ಎಂದು ಬರೆದು ಜಾಗ ಬಿಟ್ಟು ಡಿ, ಎಂ, ಇ, ಎಸ್, ಜಿ ಎಂಬ ಐದು ಅಕ್ಷರ ಒಟ್ಟಿಗೆ, ಮತ್ತೆ ಜಾಗ ಬಿಟ್ಟು ಮೈನಸ್ ಚಿಹ್ನೆ ಹಾಗೂ ಡಬ್ಲ್ಯು ಟೈಪ್ ಮಾಡಿ. ಪಾಸ್‌ವರ್ಡ್ ಕೇಳುತ್ತದೆ. ಈಗ ಕರ್ನಲ್ ತನಗೆ ಕಂಡಿದ್ದನ್ನೆಲ್ಲ ಆಗಿಂದಾಗಲೇ ಬರೆಯುತ್ತಿರುತ್ತದೆ. ಫೋನ್ ಕಿತ್ತು ಹಾಕಿ, ಕೊನೆಯ ಸಾಲುಗಳನ್ನು ಓದಿ.

ಒಂದು ಸಾಲೂ ಬರಲಿಲ್ಲ ಎಂದರೆ ಮೊದಲ ಅನುಮಾನ ಕೇಬಲ್ ಅಥವಾ ಪೋರ್ಟಿನ ಮೇಲೆ. ‘ಎರರ್ -71’ ಎಂದರೆ ಮಾತುಕತೆ ಶುರುವಾಯಿತು, ಆದರೆ ನಡುವೆ ಕೆಟ್ಟಿತು. ಇದೂ ಹೆಚ್ಚಾಗಿ ಕೇಬಲ್ಲಿನದೇ ಕಾಟ. ‘ಎರರ್ -110’ ಎಂದರೆ ಕರ್ನಲ್ ಕೇಳಿದ್ದಕ್ಕೆ ಫೋನ್ ಸಮಯಕ್ಕೆ ಉತ್ತರ ಕೊಡಲಿಲ್ಲ. ಆದರೆ ಇದೇ ಕೇಬಲ್ ಹಳೆಯ ಕರ್ನಲ್ಲಿನಲ್ಲಿ ಚೆನ್ನಾಗಿ ಓಡಿ, ಹೊಸದರಲ್ಲಿ ಮಾತ್ರ ಈ ಎರರ್ ಬಂದರೆ, ಅದು ಕರ್ನಲ್ಲಿನ ದೋಷಕ್ಕೆ ಒಳ್ಳೆಯ ಸಾಕ್ಷಿ. ಆ ಸಾಲುಗಳನ್ನು ಫೈಲಿನಲ್ಲಿ ಉಳಿಸಿಕೊಳ್ಳಿ.

ಫೋನ್ ಸಿಕ್ಕಿ, ಸ್ವಲ್ಪ ಹೊತ್ತಿಗೆ ತಾನಾಗಿ ಬಿಟ್ಟುಹೋಗುವ ತೊಂದರೆ ಬೇರೆ. ಅಲ್ಲಿ ವಿದ್ಯುತ್ ಉಳಿತಾಯದ ವ್ಯವಸ್ಥೆಯನ್ನು ಅನುಮಾನಿಸಬಹುದು. ಗ್ರಬ್ ಮೆನುವಿನಲ್ಲಿ ಇ ಅಕ್ಷರ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ಯುಎಸ್‌ಬಿಕೋರ್.ಆಟೊಸಸ್ಪೆಂಡ್=-1’ ಎಂದು ಇಂಗ್ಲಿಷಿನಲ್ಲಿ ಸೇರಿಸಿ, ಎಫ್10 ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ. ಮುಂದಿನ ರೀಸ್ಟಾರ್ಟಿಗೆ ಎಲ್ಲ ಮೊದಲಿನಂತಾಗುತ್ತದೆ.

ಪಟ್ಟಿಯಲ್ಲಿದೆ, ಕೆಲಸ ಮಾಡುತ್ತಿಲ್ಲ

ಈಗ ಪ್ರಶ್ನೆ, ಫೋನಿನಿಂದ ನಿಮಗೆ ಬೇಕಾಗಿದ್ದು ಏನು?

ಫೋಟೊ, ಫೈಲು ಬೇಕಾಗಿದ್ದರೆ ಒಂದು ವಿಷಯ ತಿಳಿದಿರಲಿ. ಈಗಿನ ಆಂಡ್ರಾಯ್ಡ್ ಫೋನುಗಳು ಪೆನ್ ಡ್ರೈವಿನ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಎಂಟಿಪಿ ಎಂಬ ಬೇರೆ ವಿಧಾನ ಬಳಸುತ್ತವೆ. ಅದಕ್ಕೆ ಕರ್ನಲ್ಲಿನಲ್ಲಿ ಪ್ರತ್ಯೇಕ ಡ್ರೈವರ್ ಬೇಡ. ಕೆಲಸವೆಲ್ಲ ಫೈಲ್ ಮ್ಯಾನೇಜರ್ ಮತ್ತು ಅದರ ಬೆನ್ನಿಗಿರುವ ಲಿಬ್‌ಎಂಟಿಪಿ ಎಂಬ ಲೈಬ್ರರಿಯದು. ಆದ್ದರಿಂದ ಪಟ್ಟಿಯಲ್ಲಿ ಫೋನ್ ಇದ್ದು ಫೈಲು ಮಾತ್ರ ಕಾಣದಿದ್ದರೆ, ಕರ್ನಲ್ ಬಿಟ್ಟು ಇತ್ತ ನೋಡಿ. ಎರಡು ಪ್ರೋಗ್ರಾಂಗಳು ಒಟ್ಟಿಗೆ ಫೋನ್ ಹಿಡಿಯಲು ಹೋದರೆ ಒಂದಕ್ಕೆ ಸಿಗುವುದಿಲ್ಲ. ಫೋಟೊ ಸಾಫ್ಟ್‌ವೇರ್ ಮುಚ್ಚಿ, ಕೇಬಲ್ ತೆಗೆದು ಮತ್ತೆ ಹಾಕಿ, ಲಾಕ್ ತೆರೆದು ನೋಡಿ.

ಫೋನಿನ ಇಂಟರ್ನೆಟ್ ಬೇಕಾಗಿದ್ದರೆ ಮಾತ್ರ ಕರ್ನಲ್ಲಿನ ಪಾತ್ರ ದೊಡ್ಡದು. ಯುಎಸ್‌ಬಿ ಟೆದರಿಂಗಿಗೆ, ಅಂದರೆ ಕೇಬಲ್ ಮೂಲಕ ಫೋನಿನ ನೆಟ್ ಹಂಚಿಕೊಳ್ಳಲು, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಿಗೆ ‘ಆರ್‌ಎನ್‌ಡಿಐಎಸ್_ಹೋಸ್ಟ್’ ಎಂಬ ಮಾಡ್ಯೂಲ್ ಬೇಕು, ಕೆಲವು ಹೊಸ ಫೋನುಗಳಿಗೆ ‘ಸಿಡಿಸಿ_ಎನ್‌ಸಿಎಂ’, ಐಫೋನಿಗೆ ‘ಐಪಿಹೆಥ್’ (ಐ, ಪಿ, ಎಚ್, ಇ, ಟಿ, ಎಚ್). ‘ಸೂಡೊ ಮಾಡ್‌ಪ್ರೋಬ್’ (ಎರಡನೆಯದು ಎಂ, ಒ, ಡಿ, ಪಿ, ಆರ್, ಒ, ಬಿ, ಇ) ಎಂದು ಬರೆದು ಮುಂದೆ ಮಾಡ್ಯೂಲಿನ ಹೆಸರು ಹಾಕಿ ಎಂಟರ್ ಒತ್ತಿ. ಏನೂ ಹೇಳದೆ ಸುಮ್ಮನಾದರೆ ಮಾಡ್ಯೂಲ್ ಇದೆ ಎಂದರ್ಥ. ಮಾಡ್ಯೂಲ್ ಸಿಗಲಿಲ್ಲ ಎಂದರೆ ಅಪ್‌ಡೇಟ್ ಪೂರ್ತಿ ಆಗಿಲ್ಲ. ಉಬುಂಟು ತನ್ನ ಹಲವು ಡ್ರೈವರುಗಳನ್ನು ‘ಲಿನಕ್ಸ್ ಮಾಡ್ಯೂಲ್ಸ್ ಎಕ್ಸ್‌ಟ್ರಾ’ ಎಂಬ ಬೇರೆ ಪ್ಯಾಕೇಜಿನಲ್ಲಿ ಇಡುತ್ತದೆ. ಡೌನ್‌ಲೋಡ್ ನಡುವೆ ನೆಟ್ ಹೋದರೆ, ಡಿಸ್ಕ್ ತುಂಬಿದರೆ ಅದು ಬಾರದೇ ಉಳಿಯಬಹುದು. ನಿಮ್ಮ ಕರ್ನಲ್ ಸಂಖ್ಯೆಗೆ ಸರಿಯಾದ ಆ ಪ್ಯಾಕೇಜ್ ಹಾಕಿಕೊಳ್ಳಿ. ನೆಟ್ಟೇ ಇಲ್ಲವಲ್ಲ, ಹೇಗೆ ಹಾಕುವುದು? ಹಳೆಯ ಕರ್ನಲ್ಲಿಗೆ ಹೋಗಿ, ಅಲ್ಲಿ ಟೆದರಿಂಗ್ ಮಾಡಿ, ಹೊಸ ಕರ್ನಲ್ಲಿನ ಪ್ಯಾಕೇಜ್ ಇಳಿಸಿ. ಇದಕ್ಕೇ ನಾನು ಹೇಳುವುದು, ಹೊಸ ಕರ್ನಲ್ಲಿನಲ್ಲಿ ಎಲ್ಲವೂ ಓಡಿದ್ದನ್ನು ಕಣ್ಣಾರೆ ನೋಡುವವರೆಗೆ ಹಳೆಯದನ್ನು ಅಳಿಸಬೇಡಿ. ಫೋನೊಂದೇ ನೆಟ್‌ಗೆ ಆಧಾರವಾಗಿರುವ ಮನೆಯಲ್ಲಂತೂ ಖಂಡಿತ ಬೇಡ.

ಆ್ಯಪ್ ತಯಾರಿಸುವವರು ಕಂಪ್ಯೂಟರಿನಿಂದ ಫೋನಿಗೆ ಕಮಾಂಡ್ ಕೊಡುವ ಎಡಿಬಿ ಎಂಬ ಪ್ರೋಗ್ರಾಂ ಬಳಸುತ್ತಾರೆ. ಅದು ‘ಅನ್‌ಆಥರೈಸ್ಡ್’ ಎಂದರೆ ಫೋನಿನ ಪರದೆ ಮೇಲೆ ಒಪ್ಪಿಗೆ ಕೊಡಬೇಕು. ‘ನೋ ಪರ್ಮಿಷನ್ಸ್’ ಎಂದರೆ ಯುಡೆವ್ ನಿಯಮದ (ಸಾಧನ ಹಾಕಿದಾಗ ಏನಾಗಬೇಕು, ಯಾರು ಬಳಸಬಹುದು ಎಂದು ಹೇಳುವ ನಿಯಮ) ಕೊರತೆ.

ಹಳೆಯ ಗಾರ್ಮಿನ್ ಜಿಪಿಎಸ್, ಹ್ಯಾಮ್ ರೇಡಿಯೊದವರ ವಾಕಿಟಾಕಿ ಇಂಥ ಕೈಯಲ್ಲಿ ಹಿಡಿಯುವ ಸಾಧನಗಳ ಕಥೆ ಸ್ವಲ್ಪ ಬೇರೆ. ವಾಕಿಟಾಕಿಯ ಪ್ರೋಗ್ರಾಮಿಂಗ್ ಕೇಬಲ್ ‘ಟಿಟಿವೈಯುಎಸ್‌ಬಿ0’ ಎಂಬ ಹೆಸರಲ್ಲಿ ಕಾಣಬೇಕು, ಮತ್ತು ನಿಮ್ಮ ಬಳಕೆದಾರ ಖಾತೆ ‘ಡಯಲ್‌ಔಟ್’ ಗುಂಪಿನಲ್ಲಿರಬೇಕು. ಉಬುಂಟು 22.04ಕ್ಕೆ ಬಂದವರು ಇಲ್ಲೊಂದು ವಿಚಿತ್ರ ಕಂಡರು. ಸಿಎಚ್340 ಚಿಪ್ ಇರುವ ಕೇಬಲ್ ಹಾಕಿದರೆ ಪೋರ್ಟ್ ಕ್ಷಣ ಮಾತ್ರ ಬಂದು ಮಾಯ. ಎಲ್ಲರೂ ಕರ್ನಲ್ ಕಡೆ ಬೆರಳು ತೋರಿಸಿದರು. ಕಾರಣ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ. ಅಂಧರು ಬಳಸುವ ಬ್ರೈಲ್ ಡಿಸ್‌ಪ್ಲೇ ಇದಾಗಿರಬೇಕು ಎಂದುಕೊಂಡು ಅದು ಕೇಬಲ್ಲನ್ನು ತನ್ನ ವಶಕ್ಕೆ ತೆಗೆದುಕೊಳ್ಳುತ್ತಿತ್ತು. ಕರ್ನಲ್ ಸಂದೇಶದಲ್ಲಿ ಆ ಸೇವೆಯ ಹೆಸರು ಸ್ಪಷ್ಟವಾಗಿ ಬರುತ್ತದೆ. ಮನೆಯಲ್ಲಿ ಬ್ರೈಲ್ ಡಿಸ್‌ಪ್ಲೇ ಬಳಸುವವರು ಇಲ್ಲದಿದ್ದರೆ ಮಾತ್ರ ಆ ಪ್ಯಾಕೇಜ್ ತೆಗೆಯಿರಿ. ಇದ್ದರೆ ಅವರಿಗೆ ಅದು ಕಣ್ಣಿನಷ್ಟೇ ಮುಖ್ಯ. ಆಗ ಪ್ಯಾಕೇಜ್ ಹಾಗೇ ಬಿಟ್ಟು, ಆ ಚಿಪ್ಪಿಗೆ ಸಂಬಂಧಿಸಿದ ಯುಡೆವ್ ನಿಯಮವೊಂದನ್ನೇ ನಿಲ್ಲಿಸಿ.

ಕರ್ನಲ್ಲೇ ಕಾರಣ ಎಂದು ಖಚಿತವಾದರೆ

ಸದ್ಯಕ್ಕೆ ಹಳೆಯ ಕರ್ನಲ್ಲಿನಲ್ಲೇ ಇರಿ. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರಿನ ‘ವ್ಯೂ’ ಮೆನುವಿನಲ್ಲಿ ಲಿನಕ್ಸ್ ಕರ್ನಲ್ಸ್ ಎಂಬ ಪುಟವೇ ಇದೆ, ಬೇಕಾದ್ದನ್ನು ಅಲ್ಲೇ ಹಾಕಿ, ತೆಗೆಯಬಹುದು. ಉಬುಂಟುವಿನಲ್ಲಿ ಹಳೆಯ ಕರ್ನಲ್ಲಿನ ಇಮೇಜ್, ಮಾಡ್ಯೂಲ್ಸ್, ಮಾಡ್ಯೂಲ್ಸ್ ಎಕ್ಸ್‌ಟ್ರಾ ಮೂರೂ ಪ್ಯಾಕೇಜುಗಳನ್ನು ‘ಸೂಡೊ ಆಪ್ಟ್-ಮಾರ್ಕ್ ಮ್ಯಾನ್ಯುಯಲ್’ ಕಮಾಂಡಿನಿಂದ ಗುರುತು ಮಾಡಿ. ಆಗ ಬೇಡವಾದ ಪ್ಯಾಕೇಜುಗಳನ್ನು ಅಳಿಸುವ ಆಟೊರಿಮೂವ್ ಅವನ್ನು ಮುಟ್ಟುವುದಿಲ್ಲ. ಆದರೆ ತಿಂಗಳುಗಟ್ಟಲೆ ಅಲ್ಲೇ ಕೂರಬೇಡಿ. ಭದ್ರತೆಯ ತಿದ್ದುಪಡಿಗಳು ಬರುವುದು ಹೊಸದಕ್ಕೇ. ಮುಂದಿನ ಕರ್ನಲ್ ಬಂದಾಗ ಅದರಲ್ಲಿ ಮತ್ತೆ ಪರೀಕ್ಷಿಸಿ.

ದೋಷವನ್ನು ವರದಿಯೂ ಮಾಡಿ. ಮೊದಲು ಓಡುತ್ತಿದ್ದದ್ದು ಹೊಸ ಕರ್ನಲ್ಲಿನಲ್ಲಿ ನಿಂತರೆ, ಅದನ್ನು ತಯಾರಿಸುವವರು ಗಂಭೀರವಾಗಿಯೇ ತೆಗೆದುಕೊಳ್ಳುತ್ತಾರೆ. ಉಬುಂಟುವಿನಲ್ಲಿ ‘ಉಬುಂಟು-ಬಗ್ ಲಿನಕ್ಸ್’ ಎಂದು ಕೊಟ್ಟರೆ ಯಂತ್ರದ ವಿವರಗಳನ್ನು ಅದೇ ಕೂಡಿಸಿ, ಲಾಂಚ್‌ಪ್ಯಾಡ್ ತಾಣಕ್ಕೆ ಕರೆದೊಯ್ಯುತ್ತದೆ. ನೀವು ಬರೆಯಬೇಕಾದ್ದು ಇಷ್ಟು: ಓಡುವ ಕರ್ನಲ್ಲಿನ ಸಂಖ್ಯೆ, ಓಡದ ಕರ್ನಲ್ಲಿನ ಸಂಖ್ಯೆ, ಫೋನಿನ ಮಾಡೆಲ್ ಮತ್ತು ಪಟ್ಟಿಯಲ್ಲಿ ಕಂಡ ಗುರುತು, ಎರಡೂ ಕರ್ನಲ್ಲುಗಳಲ್ಲಿ ಕೇಬಲ್ ಹಾಕಿದಾಗ ಬಂದ ಸಂದೇಶಗಳು. ಕೇಬಲ್ ಬದಲಿಸಿ ನೋಡಿದ್ದರೆ ಅದನ್ನೂ ಸೇರಿಸಿ, ಅವರು ಮೊದಲು ಕೇಳುವುದೇ ಅದನ್ನು.